ಎಣ್ಣೆಗಾಯಿಯ ಪುಟ

ಭಾನುವಾರದಿಂದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪುಸ್ತಕವಿದೆ. ನನ್ನದಲ್ಲ. ರಕ್ಷಾಪುಟ ಎಂದೋ ಹೋಗಿದೆ. ಬೆನ್ನಿಗೆ ಬಟ್ಟೆ ಕೊಟ್ಟು ದಪ್ಪ ದಾರದಲ್ಲಿ ಹೊಲಿದಿದ್ದಾರೆ. ಮೊದಲ ಎಂಟು ಪುಟಗಳಿಲ್ಲದ್ದರಿಂದ ಬರೆದವರು ಯಾರು, ಅಚ್ಚಾದದ್ದು ಯಾವಾಗ, ಒಂದೂ ತಿಳಿಯುವುದಿಲ್ಲ. ತೆರೆದರೆ ಇಂಗಿನ ವಾಸನೆ.

ನಮ್ಮ ಓದುಗರ ಕೂಟಕ್ಕೆ ಈ ತಿಂಗಳು ಎಲ್ಲರೂ ತಾವು ಮತ್ತೆ ಮತ್ತೆ ಓದಿದ ಪುಸ್ತಕವನ್ನು ತರಬೇಕಿತ್ತು. ಮೇಷ್ಟ್ರು ಕುಮಾರವ್ಯಾಸನನ್ನು ತಂದರು. ವಿರಾಟಪರ್ವದಲ್ಲಿ ದ್ರೌಪದಿ ನಡುರಾತ್ರಿ ಬಾಣಸಿನ ಮನೆಗೆ ಹೋಗಿ, ವಲಲನೆಂಬ ಹೆಸರಿನಲ್ಲಿ ಅಡುಗೆಯವನಾಗಿರುವ ಭೀಮನನ್ನು ಎಬ್ಬಿಸುವ ಭಾಗವನ್ನು ವಾಚಿಸಿದರು. ಎಪ್ಪತ್ತು ದಾಟಿದ ಆ ಕಂಠಕ್ಕೆ ಇನ್ನೂ ಏನು ಕಸುವು! ಆಮೇಲೆ ಒಬ್ಬ ಹುಡುಗ ದಪ್ಪನೆಯ ಕಾದಂಬರಿಯೊಂದನ್ನು ತೋರಿಸಿ, ಮೂರು ಸಲ ಹಿಡಿದರೂ ಅರ್ಧ ದಾಟಲಾಗಿಲ್ಲ ಎಂದ. ಎಲ್ಲರೂ ಅಕ್ಕರೆಯಿಂದ ನಕ್ಕರು. ನಂತರದ ಸರದಿ ನನ್ನ ಪಕ್ಕದಲ್ಲಿ ಕುಳಿತಿದ್ದ, ಅರವತ್ತೈದರ ಆಸುಪಾಸಿನ ಹೆಂಗಸಿನದು. ಚೀಲದಿಂದ ಈ ಅಡುಗೆ ಪುಸ್ತಕವನ್ನು ತೆಗೆದು, “ನಲವತ್ತು ವರ್ಷದಿಂದ ಇದನ್ನೇ ಓದುತ್ತಿದ್ದೇನೆ” ಎಂದರು.

“ಅದನ್ನು ಓದುವುದು ಎನ್ನುವುದಿಲ್ಲಮ್ಮ, ನೋಡಿಕೊಂಡು ಮಾಡುವುದು ಎನ್ನುತ್ತಾರೆ” ಎಂದರು ಮೇಷ್ಟ್ರು.

ದನಿಯಲ್ಲಿ ಒರಟುತನವಿರಲಿಲ್ಲ. ತರಗತಿಯಲ್ಲಿ ಕಾಗುಣಿತ ತಿದ್ದುವ ಹಾಗೆ ಹೇಳಿದರು. ಆಕೆ “ಹೌದು ಸರ್” ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಮಾತು ಮುಂದಿನವರಿಗೆ ಹೋಯಿತು. ನಾನೂ ಸುಮ್ಮನಿದ್ದೆ.

ವಾರವಿಡೀ ಆ “ಹೌದು ಸರ್” ನನ್ನನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಚೀಲದ ಬಾಯಿ ಮುಚ್ಚಿದ ಆ ಕೈ ಕಣ್ಣ ಮುಂದೆ ಬರುತ್ತದೆ. ಅರ್ಧ ಓದಿ ಬಿಟ್ಟವನು ಓದುಗನಾದ, ನಲವತ್ತು ವರ್ಷ ಬಿಡದವರು ಆಗಲಿಲ್ಲ.

ಮೇಷ್ಟ್ರು ಕೆಟ್ಟವರಲ್ಲ. ಪಂಪನನ್ನು ಓದಲು ನನಗೆ ಧೈರ್ಯ ಕೊಟ್ಟವರು ಅವರೇ. ಆದರೆ ಅದೇ ಬೆಳಿಗ್ಗೆ ಅವರು ಕಾವ್ಯವನ್ನು ಹೊಗಳಿದ ಮಾತುಗಳೆಲ್ಲ ಅಡುಗೆಮನೆಯಿಂದ ಬಂದವು. ದ್ರಾಕ್ಷಾಪಾಕ ಎಂದರು, ಕದಳೀಪಾಕ ಎಂದರು, ರಸ ಎಂದರು. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನು ಎಂಬ ಪ್ರಶ್ನೆಗೆ ಸಿಗುವ ವಿವರಣೆಯೇ ಊಟದ್ದು: ನಾನಾ ವ್ಯಂಜನಗಳೂ ದ್ರವ್ಯಗಳೂ ಕೂಡಿ ಅಡುಗೆಯಲ್ಲಿ ರಸ ಹುಟ್ಟುವಂತೆ, ನಾನಾ ಭಾವಗಳು ಕೂಡಿ ನಾಟ್ಯದಲ್ಲಿ ರಸ ಹುಟ್ಟುತ್ತದೆ. ಕಾವ್ಯವನ್ನು ಅಳೆಯಲು ಒಲೆಯಿಂದ ಮಾತನ್ನು ತಂದುಕೊಂಡು, ಒಲೆಯ ಪುಸ್ತಕವನ್ನು ಹೊರಗಿಡುವುದು ಹೇಗೆ?

ಸೋಮವಾರ ಗ್ರಂಥಾಲಯದಿಂದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ತಂದೆ. ಹದಿನಾರನೆಯ ಶತಮಾನದ ಆರಂಭದ ಜೈನ ಕವಿ, ನೇಮಿಜಿನೇಶನ ಕಥೆಯನ್ನು ಸಾಂಗತ್ಯದಲ್ಲಿ ಬರೆದವನು. ಅಡುಗೆಯನ್ನು ವಾರ್ಧಕ ಷಟ್ಪದಿಯಲ್ಲಿ ಬರೆದಿದ್ದಾನೆ. ಮುಂದೆ ಲಕ್ಷ್ಮೀಶ ಜೈಮಿನಿ ಭಾರತವನ್ನು ಹಾಡಿದ್ದೂ ಇದೇ ಛಂದಸ್ಸಿನಲ್ಲಿ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಹಲಸು, ಬಾಳೆ, ಬಿದಿರಿನ ಕಳಲೆ. ಎಲ್ಲಕ್ಕೂ ಪ್ರಾಸವಿದೆ, ಗಣವಿದೆ. ಅವನಿಗಿಂತ ಸುಮಾರು ಐನೂರು ವರ್ಷ ಹಿಂದೆ, 1025ರ ಹೊತ್ತಿಗೆ, ಇಮ್ಮಡಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಹುಡುಕುವುದರ ಜೊತೆಗೆ, ದನಗಳ ಮದ್ದಿನ ಜೊತೆಗೆ ಅಡುಗೆಗೂ ಜಾಗ ಕೊಟ್ಟಿದ್ದ. ಅದನ್ನು ಲೋಕಕ್ಕೆ ಉಪಕಾರ ಎಂದು ಕರೆದ. ನಾವು ಇವರಿಬ್ಬರನ್ನೂ ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ.

ಭಾನುವಾರ ಹೊರಡುವಾಗ ಗೇಟಿನ ಬಳಿ ಆಕೆಯನ್ನು ಕೇಳಿದೆ, “ಒಮ್ಮೆ ನೋಡಬಹುದೇ?” ಆಕೆ ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಇಟ್ಟುಕೊಳ್ಳಿ, ಮುಂದಿನ ಸಲ ತಂದುಕೊಡಿ” ಎಂದರು. ಹೀಗೆ ಬಂತು ಪುಸ್ತಕ.

ಅಂಚುಗಳ ತುಂಬ ಬರಹ. ಪಾವು, ಚಟಾಕುಗಳ ಎದುರಿಗೆ ಗ್ರಾಂ ಲೆಕ್ಕ. ಸಾರಿನ ಪುಡಿಯ ಪಕ್ಕದಲ್ಲಿ “ಮೆಂತ್ಯ ಇಷ್ಟು ಬೇಡ, ಕಹಿ”. ಹಯಗ್ರೀವದ ಪಕ್ಕದಲ್ಲಿ “ಇಪ್ಪತ್ತೈದು ಎಲೆಗೆ ಸಾಲಲಿಲ್ಲ, ಅಮ್ಮನ ಮುಂದೆ ಅವಮಾನ”. ಒಂದು ಕಡೆ ಪುಸ್ತಕ ಬರೆದವರೊಂದಿಗೆ ಜಗಳವೇ ಆಗಿದೆ: “ನೀವು ಇದನ್ನು ಮಾಡಿ ನೋಡಿಲ್ಲ.” ಕಾವ್ಯದ ಓದುಗರಲ್ಲಿ ಇಷ್ಟು ಅಧಿಕಾರದಿಂದ ಮಾತನಾಡಿದವರನ್ನು ನಾನು ಕಂಡಿಲ್ಲ. ನಮ್ಮ ಅಭಿಪ್ರಾಯ ತಪ್ಪಾದರೆ ಅನ್ನ ಸೀಯುವುದಿಲ್ಲ. ಆಕೆಯ ಅಭಿಪ್ರಾಯಕ್ಕೆ ಅದೇ ಮಧ್ಯಾಹ್ನ ಪರೀಕ್ಷೆ.

ಎಲ್ಲ ಅಡುಗೆ ಪುಸ್ತಕಗಳಿಗೂ ಈ ಯೋಗ್ಯತೆಯಿದೆ ಎನ್ನಲಾರೆ. ಈಗ ಬರುವ ಎಷ್ಟೋ ಪುಸ್ತಕಗಳಲ್ಲಿ ಚಿತ್ರಗಳಿವೆ, ಮಾತಿಲ್ಲ. ಈ ಪುಸ್ತಕದಲ್ಲಿ ಮಾತಿದೆ. ಒಗ್ಗರಣೆಯ ಬಗ್ಗೆ “ಸಾಸಿವೆಯ ಸದ್ದು ನಿಲ್ಲುವವರೆಗೆ ಅವಸರ ಮಾಡಬಾರದು” ಎಂಬ ಸಾಲನ್ನು ಓದಿ ನಾನು ಸ್ವಲ್ಪ ಹೊತ್ತು ಹಾಗೆಯೇ ನಿಂತೆ. ಮತ್ತೆ, ಪುಟಪುಟದಲ್ಲಿ ಬರುವ “ಉಪ್ಪು ರುಚಿಗೆ ತಕ್ಕಷ್ಟು”. ಯಾರ ರುಚಿಗೆ? ಓದುವವರ ರುಚಿಗೆ. ಕೊನೆಯ ಮಾತನ್ನು ಓದುಗರ ಕೈಗೆ ಬಿಡುವ ಔದಾರ್ಯವಿದು.

ವನಪರ್ವದ ನಳನ ಕಥೆ ನೆನಪಾಗುತ್ತಿದೆ. ರೂಪಗೆಟ್ಟು ಬಾಹುಕನಾಗಿ ಬಂದವನನ್ನು ದಮಯಂತಿ ಪರೀಕ್ಷಿಸುವಾಗ ಅವನು ಬೇಯಿಸಿದ್ದನ್ನು ತರಿಸಿ ಬಾಯಿಗಿಡುತ್ತಾಳೆ, ಗಂಡನೆಂದು ತಿಳಿಯುತ್ತದೆ. ಕಣ್ಣು ಗುರುತಿಸಲಾರದ್ದನ್ನು ನಾಲಗೆ ಗುರುತಿಸಿತು.

ಗುರುವಾರ ಎಣ್ಣೆಗಾಯಿ ಮಾಡಲೆಂದು ಆ ಪುಟ ತೆರೆದೆ. ಅಂಚಿನಲ್ಲಿ, ನೀಲಿ ಶಾಯಿಯಲ್ಲಿ, ಎಳೆಯ ಕೈಬರಹ: “ಬೆಲ್ಲ ಸಾಲದು ಎನ್ನುತ್ತಾರೆ ಇವರು. ನನಗೆ ಸರಿಯಾಗಿಯೇ ಇದೆ.” ಅದರ ಕೆಳಗೆ, ಬಾಲ್‌ಪೆನ್ನಿನಲ್ಲಿ, ಸ್ವಲ್ಪ ನಡುಗುವ ಅಕ್ಷರ: “ಬೆಲ್ಲ ಇನ್ನೊಂದು ಚೂರು ಬೇಕು. ಅವರು ಹೇಳಿದ್ದು ನಿಜ.” ‘ಇವರು’ ‘ಅವರು’ ಆಗಿದ್ದರು. ಬದನೆಕಾಯಿ ಸೀಳಿ ನೀರಿಗೆ ಹಾಕಿದ್ದೆ. ಒಲೆ ಹೊತ್ತಿಸಲು ತಡವಾಯಿತು.

ಎರಡನೆಯ ಅಭಿಪ್ರಾಯದಂತೆ ಬೆಲ್ಲ ಹಾಕಿದೆ. ಮನೆಯಲ್ಲಿ ಎಲ್ಲರೂ ಎರಡು ಸಲ ಬಡಿಸಿಕೊಂಡರು.

ಇವತ್ತು ಬೆಳಿಗ್ಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ಜಗಳವಾಡಲೆಂದೇ ಮಾಡಿದ್ದೆ, ಆದರೆ ಆ ದನಿ ಕೇಳಿದ ಮೇಲೆ ಆಗಲಿಲ್ಲ. ಎಣ್ಣೆಗಾಯಿಯ ಅಂಚಿನ ಎರಡು ಸಾಲುಗಳನ್ನು ಓದಿ ಹೇಳಿದೆ. ಆಮೇಲೆ ಕೇಳಿದೆ, “ಸರ್, ಮಂಗರಸನ ಬದನೆಕಾಯಿಯ ಪದ್ಯಗಳನ್ನು ಎಂದಾದರೂ ವಾಚಿಸಿದ್ದೀರಾ?”

ತುಂಬ ಹೊತ್ತು ಆ ಕಡೆಯಿಂದ ಮಾತಿಲ್ಲ.

“ಇಲ್ಲ” ಎಂದರು. ಮತ್ತೆ ಸ್ವಲ್ಪ ತಡೆದು, “ಪುಸ್ತಕ ತಂದುಕೊಡಮ್ಮ. ರಾಗ ಹೊಂದಿಸಿಕೊಳ್ಳಲು ನನಗೆ ನಾಲ್ಕು ದಿನ ಬೇಕು. ಮುಂದಿನ ಸಲ ಅವರು ಬರುತ್ತಾರೆ ತಾನೆ?”