ಮೊದಲು ಶಾಖ, ಆಮೇಲೆ ಹಾಲು

ಜನವರಿ ಎರಡನೇ ವಾರ, ಬೆಳಗ್ಗೆ ಆರೂಕಾಲು. ಯಲಹಂಕದಾಚೆಯ ಒಂದು ಬಡಾವಣೆಯ ಖಾಲಿ ಸೈಟು. ಪೌರಕಾರ್ಮಿಕ ಅಕ್ಕ ಅಂಗೈಯಲ್ಲಿ ಹಿಡಿದಿದ್ದ ನಾಯಿಮರಿ ಒದ್ದೆ ಚಿಂದಿಯ ಹಾಗೆ ಎರಡೂ ಕಡೆ ಜೋತುಬಿದ್ದಿತ್ತು. "ಇದು ಸತ್ತೋಗೈತೆ ಸಾರ್. ಇನ್ನು ಮೂರು ಚೆನ್ನಾಗವೆ" ಅಂದರು.

ಸತ್ತಿರಲಿಲ್ಲ. ಪಕ್ಕೆಯ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ಕಾದಾಗ ಸಣ್ಣಗೆ ಬಡಿತ ಸಿಕ್ಕಿತು. ತಣ್ಣಗಾದ ಮರಿಯ ಉಸಿರೂ ಎದೆಬಡಿತವೂ ತೀರಾ ನಿಧಾನವಾಗಿಬಿಡುತ್ತವೆ. ಹಾಗಾಗಿ ಅದು ಹೋಯಿತು ಅನ್ನುವ ತೀರ್ಮಾನವನ್ನು ಮೈ ಬೆಚ್ಚಗಾಗುವ ತನಕ ಮುಂದೂಡಬೇಕು.

ಬೆಂಗಳೂರಿನಲ್ಲಿ ಅದೆಂಥ ಚಳಿ ಎಂದು ಕೇಳುವವರಿದ್ದಾರೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ದೊಡ್ಡ ನಾಯಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹುಟ್ಟಿದ ಮೊದಲ ವಾರದ ಮರಿಗೆ ನಡುಗಲೂ ಬರುವುದಿಲ್ಲ. ಅದರ ಮೈ ಇರುವುದೇ 35–36 ಡಿಗ್ರಿ. ಆ ಕಾವೂ ತಾಯಿಯ ಹೊಟ್ಟೆಯಿಂದ, ಒಡಹುಟ್ಟಿದವುಗಳ ರಾಶಿಯಿಂದ ಬರಬೇಕು. ಈ ಮರಿಯ ಕಣ್ಣು ಆಗಷ್ಟೇ ಸೀಳು ಬಿಡುತ್ತಿತ್ತು, ಅಂದರೆ ಹತ್ತು ಹನ್ನೆರಡು ದಿನದ್ದು. ರಾಶಿಯಿಂದ ಜಾರಿ ಮೋರಿಯ ಕಲ್ಲುಚಪ್ಪಡಿಯ ಮೇಲೆ ಬಿದ್ದು, ಇಬ್ಬನಿಗೆ ಮೈ ನೆಂದಿತ್ತು. ನೆಂದ ಮೈ ಕಲ್ಲಿಗಂಟಿದರೆ 15 ಡಿಗ್ರಿಯೇ ಸಾಕು.

ಮೊದಲ ಕೆಲಸ ಒರೆಸುವುದು. ಒಣ ಟವೆಲಿನಲ್ಲಿ ಹಗುರವಾಗಿ ಒತ್ತಿ ಒರೆಸಬೇಕು. ಆಮೇಲೆ ಮನೆಯ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲಿಟ್ಟೆವು. ಪರದೆಯಲ್ಲಿ ಅಂಕಿಯೇ ಬರಲಿಲ್ಲ, 'ಲೋ' ಎಂದಷ್ಟೇ ಬಂತು. ಈ ಥರ್ಮಾಮೀಟರುಗಳು 32 ಡಿಗ್ರಿಗಿಂತ ಕೆಳಗೆ ಓದುವುದಿಲ್ಲ. ಜನ ಇದನ್ನು ಬ್ಯಾಟರಿ ಹೋಗಿದೆ ಎಂದುಕೊಂಡು ಪಕ್ಕಕ್ಕಿಡುತ್ತಾರೆ. ಮರಿಯ ವಿಷಯದಲ್ಲಿ ಅದೇ ಉತ್ತರ.

ಒಂದು ಲೀಟರಿನ ಎರಡು ಬಾಟಲಿಗೆ ಕೈ ತಡೆಯುವಷ್ಟು ಬಿಸಿನೀರು ತುಂಬಿ, ಎರಡು ಸುತ್ತು ಟವೆಲ್ ಸುತ್ತಿ, ರಟ್ಟಿನ ಡಬ್ಬದ ಒಂದೇ ಬದಿಗೆ ಇಟ್ಟೆವು. ಇನ್ನೊಂದು ಬದಿ ಖಾಲಿ, ಸೆಕೆಯಾದರೆ ಮರಿ ಅತ್ತ ತೆವಳಲಿ ಎಂದು. ಹದಿನೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ನೀರು ಆರಿದ ಬಾಟಲಿ ಉಳಿದ ಕಾವನ್ನೂ ಹೀರಿಕೊಳ್ಳುತ್ತದೆ, ಅದನ್ನು ಕೂಡಲೇ ತೆಗೆಯಬೇಕು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟುವ ಅಜ್ಜಿಯ ಶಾಖವೂ ಆಗುತ್ತದೆ, ಆದರೆ ಗಂಟು ಮೊದಲ ಹತ್ತು ನಿಮಿಷ ವಿಪರೀತ ಸುಡುತ್ತದೆ. ಮುಂಗೈ ಒಳಭಾಗಕ್ಕೆ ಒತ್ತಿ ನೋಡದೆ ಇಡಬಾರದು. ಹೇರ್ ಡ್ರೈಯರ್ ಬೇಡ. ಚರ್ಮ ಒಮ್ಮೆಲೇ ಕಾದರೆ ಅಲ್ಲಿನ ರಕ್ತನಾಳ ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ. ಸಹಜ ಕಾವಿಗೆ ಬರಲು ಒಂದರಿಂದ ಮೂರು ಗಂಟೆ ಹಿಡಿಯಲಿ.

ಕಷ್ಟವಿರುವುದು ಈ ಎರಡು ಗಂಟೆಯಲ್ಲೇ. ಯಾರಿಗೂ ಸುಮ್ಮನೆ ಕೂರಲು ಆಗುವುದಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಂದ ಒಬ್ಬರು ಲೋಟದಲ್ಲಿ ಬಿಸಿ ಹಾಲು ತಂದರು, ಒಬ್ಬರು ಎರಡು ಹನಿ ಬ್ರಾಂದಿ ಹಾಕಿ ಅಂದರು, ಇನ್ನೊಬ್ಬರು ನೀಲಗಿರಿ ಎಣ್ಣೆ, ಮತ್ತೊಬ್ಬರು ಮಗುವಿನ ಪ್ಯಾರಾಸಿಟಮಾಲ್ ಸಿರಪ್. ನಾಲ್ಕೂ ಒಳ್ಳೆಯ ಮನಸ್ಸಿನಿಂದ ಬಂದವು, ನಾಲ್ಕೂ ಮರಿಯನ್ನು ಕೊಲ್ಲುವಂಥವು. ಮೈ 34 ಡಿಗ್ರಿಗಿಂತ ಕೆಳಗಿಳಿದಾಗ ಚೀಪುವ ಶಕ್ತಿ ಹೋಗಿ ಕರುಳಿನ ಚಲನೆ ನಿಂತಿರುತ್ತದೆ. ಬಾಯಿಗೆ ಹೊಯ್ದ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಬ್ರಾಂದಿ ಮೈಯ ಕಾವನ್ನು ಇನ್ನಷ್ಟು ಹೊರಗೆ ಬಿಡುತ್ತದೆ. ನೀಲಗಿರಿ ಎಣ್ಣೆ, ಕರ್ಪೂರ ನೆಕ್ಕಿದರೂ ವಿಷ, ಚರ್ಮದ ಮೂಲಕ ಇಳಿದರೂ ವಿಷ. ಪ್ಯಾರಾಸಿಟಮಾಲ್ ನಾಯಿಗೆ ಅಪಾಯ. ಬೆಕ್ಕಿಗಂತೂ ಒಂದು ಮಾತ್ರೆಯೇ ಸಾಕು. ಶೀತವಾಯಿತೆಂದು ಮನೆಯ ಬೆಕ್ಕಿಗೆ ಅರ್ಧ ಮಾತ್ರೆ ಕೊಟ್ಟು ಮರುದಿನ ಅದರ ಒಸಡು ಕಂದುಬಣ್ಣಕ್ಕೆ ತಿರುಗಿದ ಮೇಲೆ ಆಸ್ಪತ್ರೆಗೆ ಓಡಿಬರುವವರು ಪ್ರತಿ ಚಳಿಗಾಲದಲ್ಲೂ ಇರುತ್ತಾರೆ.

ಎಂಟು ಗಂಟೆ ಹೊತ್ತಿಗೆ ಥರ್ಮಾಮೀಟರಿನಲ್ಲಿ 35.4 ಬಂತು. ಒಸಡು ಬೂದಿಬಣ್ಣ ಬಿಟ್ಟು ಗುಲಾಬಿಗೆ ತಿರುಗಿತ್ತು. ಕಿರುಬೆರಳ ತುದಿ ಬಾಯೊಳಗಿಟ್ಟರೆ ನಾಲಿಗೆ ಮಡಚಿ ಎಳೆಯಿತು. ಹಾಲಿನ ಹೊತ್ತು ಬಂತು ಅನ್ನುವುದಕ್ಕೆ ಅದೇ ಗುರುತು. ಮೊದಲು ಗ್ಲೂಕೋಸ್ ನೀರು ಒಸಡಿಗೆ ಸವರಿ, ಆಮೇಲೆ ಮರಿಗಳ ಹಾಲಿನ ಪುಡಿ ಕಲಸಿದೆವು. ತಕ್ಕಡಿಯಲ್ಲಿ 380 ಗ್ರಾಂ ಬಂತು. ನೂರು ಗ್ರಾಮಿಗೆ ಸುಮಾರು 4 ಮಿಲಿ ಲೆಕ್ಕದಲ್ಲಿ ಒಂದು ಹೊತ್ತಿಗೆ 15 ಮಿಲಿ, ಅಷ್ಟೇ. ದನದ ಹಾಲು ಯಾಕಾಗದು ಎಂದರೆ, ನಾಯಿ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಸುಮಾರು ಅದರ ದುಪ್ಪಟ್ಟು. ದನದ ಹಾಲಿನಲ್ಲಿ ಸಕ್ಕರೆಯಂಶ ಜಾಸ್ತಿ, ಭೇದಿ ಖಾತ್ರಿ. ಕುಡಿಸುವಾಗ ಮರಿ ಹೊಟ್ಟೆಯ ಮೇಲೆ ಮಲಗಿರಬೇಕು, ತಾಯಿಯ ಬಳಿ ಮಲಗುವ ಹಾಗೆ. ಮನುಷ್ಯರ ಮಗುವಿನಂತೆ ಅಂಗಾತ ಹಿಡಿದರೆ ಮೂಗಿನಿಂದ ಹಾಲು ಬರುತ್ತದೆ. ಕುಡಿದ ಮೇಲೆ ಬೆಚ್ಚನೆ ನೀರಲ್ಲದ್ದಿದ ಹತ್ತಿಯಿಂದ ಕೆಳಭಾಗ ಸವರಬೇಕು. ಈ ವಯಸ್ಸಿನಲ್ಲಿ ತಾಯಿ ನೆಕ್ಕದೆ ಮರಿಗೆ ಉಚ್ಚೆಯೂ ಬರುವುದಿಲ್ಲ.

ಹಾಗಾದರೆ ತಾಯಿ ಎಲ್ಲಿತ್ತು? ಐವತ್ತು ಹೆಜ್ಜೆ ದೂರದಲ್ಲಿ, ರಾತ್ರಿ ವಾಚ್‌ಮನ್ ಎಲೆ, ರಟ್ಟು ಸುಟ್ಟಿದ್ದ ಬೂದಿಗುಡ್ಡೆಯಲ್ಲಿ ಮುದುಡಿಕೊಂಡು. ಚಳಿಗಾಲದ ಬೆಳಗ್ಗೆ ಮೂತಿಯಿಂದ ಬಾಲದವರೆಗೆ ಬೂದಿ ಮೆತ್ತಿದ ನಾಯಿಗಳನ್ನು ಎಲ್ಲರೂ ನೋಡಿರುತ್ತೀರಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಇರುತ್ತದೆ. ಇದರ ಮುಂಗಾಲಿನ ಮೆತ್ತೆಯೂ ಸುಟ್ಟು ಸಿಪ್ಪೆ ಎದ್ದಿತ್ತು. ಬೆಂಕಿ ಹಾಕುವುದೇ ತಪ್ಪು. ಹಾಕಿದವರು ಕೊನೆಗೆ ಒಂದು ಬಕೆಟ್ ನೀರಾದರೂ ಸುರಿಯಲಿ. ಆದರೆ ತಾಯಿ ಮರಿ ಬಿಟ್ಟು ಬೂದಿಗೆ ಹೋಯಿತೆಂದರೆ ಮರಿಗಳಿದ್ದ ಜಾಗ ಅಷ್ಟು ಕೆಟ್ಟದಾಗಿತ್ತು ಎಂದೇ ಅರ್ಥ. ಜಾಗ ಮಾಡಿಕೊಡುವುದು ನಮ್ಮ ಕೆಲಸ.

ಗುಜರಿಯಿಂದ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ತಂದೆವು. ಹಣ್ಣಿನ ರಸ ಅಥವಾ ಅಡುಗೆ ಎಣ್ಣೆ ಇದ್ದದ್ದೇ ಆಗಬೇಕು. ಆಸಿಡ್ ಡ್ರಮ್ ಎಷ್ಟು ತೊಳೆದರೂ ಬೇಡ. ಅಡ್ಡ ಮಲಗಿಸಿ, ಮುಚ್ಚಳದ ಕಡೆ ಪೂರ್ತಿ ಕತ್ತರಿಸದೆ ಕೆಳಗಿನ ಆರು ಇಂಚು ಹೊಸ್ತಿಲಿನ ಹಾಗೆ ಉಳಿಸಿಕೊಳ್ಳಬೇಕು. ಮರಿ ಹೊರಗೆ ಉರುಳಿ ಬೀಳದಿರುವುದು ಈ ಹೊಸ್ತಿಲಿನಿಂದಲೇ. ಕತ್ತರಿಸಿದ ಅಂಚಿಗೆ ಹಳೇ ಸೈಕಲ್ ಟ್ಯೂಬನ್ನು ಸೀಳಿ ತೊಡಿಸಿದರೆ ಮೊಲೆ ಗೀರುವುದಿಲ್ಲ. ಅಡಿಯಲ್ಲಿ ನಾಲ್ಕು ತೂತು, ಎರಡೂ ಪಕ್ಕ ಇಟ್ಟಿಗೆಯ ಒತ್ತು, ಹಿಂಭಾಗ ಒಂದಿಂಚು ಎತ್ತರ. ಈ ಕಾಲದಲ್ಲಿ ಬೆಂಗಳೂರಿಗೆ ಗಾಳಿ ಬರುವುದು ಪೂರ್ವದಿಂದ, ಆದ್ದರಿಂದ ಬಾಯಿ ಪಶ್ಚಿಮಕ್ಕೆ. ಒಂಟಿ ನಾಯಿಗಾದರೆ ಡ್ರಮ್ಮು ದೊಡ್ಡದಾಯಿತು, ಅದರ ಮೈಕಾವು ಅಷ್ಟು ಜಾಗ ತುಂಬುವುದಿಲ್ಲ. ಗೋಣಿ ಸುತ್ತಿದ ಹಳೇ ಟೈರ್ ಸಾಕು. ಟೈರಿನ ತಳಕ್ಕೂ ತೂತು ಕೊರೆಯಿರಿ, ಇಲ್ಲದಿದ್ದರೆ ಮಳೆ ಬಂದಾಗ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಒಳಗೆ ಹಾಸುವುದು ಕಂಬಳಿಯನ್ನಲ್ಲ, ಭತ್ತದ ಹುಲ್ಲನ್ನು. ಹೊರಗಿಟ್ಟ ಕಂಬಳಿ ಎರಡೇ ರಾತ್ರಿಗೆ ಇಬ್ಬನಿ ಕುಡಿದು ತಂಪುಪಟ್ಟಿಯಾಗುತ್ತದೆ; ಹುಲ್ಲು ನಡುವೆ ಗಾಳಿ ಹಿಡಿದುಕೊಂಡು ಒಣಗಿರುತ್ತದೆ. ಒಂದು ಮೊಳ ದಪ್ಪ ಹಾಕಿ, ಹತ್ತು ದಿನಕ್ಕೊಮ್ಮೆ ಬದಲಿಸಿದರಾಯಿತು. ಬೀದಿನಾಯಿಗೆ ಸ್ವೆಟರ್ ತೊಡಿಸಿ ಫೋಟೊ ತೆಗೆಯುವವರಿಗೂ ಇದೇ ಮಾತು: ಒದ್ದೆಯಾದರೆ ಬಿಚ್ಚುವವರು ಯಾರು? ಬಾಣಂತಿ ನಾಯಿಗೆ ಬೇಕಿರುವುದು ಎರಡು ಮೂರು ಪಟ್ಟು ಊಟ, ಈರುಳ್ಳಿ ಇಲ್ಲದ ಅನ್ನ, ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ. ಪಕ್ಕದಲ್ಲೊಂದು ಬಟ್ಟಲು ನೀರೂ ಇರಲಿ. ಊಟದ ಜಾಗ ಮಕ್ಕಳಾಡುವ ಕಡೆ ಇರಬಾರದು, ನಿಗದಿತ ಸ್ಥಳ ಗೊತ್ತುಮಾಡುವುದು ನಿವಾಸಿಗಳ ಸಂಘದ ಜವಾಬ್ದಾರಿ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲೇ ಇದೆ. ತಾಯಿಯ ಸಂತಾನಹರಣಕ್ಕೆ ಮರಿಗಳು ಹಾಲು ಬಿಡುವ ತನಕ ಕಾಯಬೇಕು. ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಪಾರ್ವೊ (ಮರಿಗಳನ್ನು ಕೊಲ್ಲುವ ವಾಂತಿಭೇದಿ ರೋಗ) ಲಸಿಕೆಯ ಮೊದಲ ಸೂಜಿ.

ಅಂದಹಾಗೆ, ಅದೇ ರಸ್ತೆಯಲ್ಲಿ ಬೆಳಗ್ಗೆ ಕಾರು ತೆಗೆಯುವವರೆಲ್ಲ ಬಾನೆಟ್ ಮೇಲೆ ಎರಡು ಸಲ ಗಟ್ಟಿಯಾಗಿ ತಟ್ಟುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಬೆಕ್ಕು ಎಂಜಿನ್ನಿನ ಕಾವಿಗೆ ಒಳಗೆ ಹೊಕ್ಕಿರುತ್ತದೆ. ತಟ್ಟಿ ಹತ್ತು ಸೆಕೆಂಡ್ ಬಿಟ್ಟೇ ಕೀಲಿ ತಿರುಗಿಸಬೇಕು.

ಮೈ ಬೆಚ್ಚಗಾಗಿ ಹೊಟ್ಟೆ ತುಂಬಿದ ಮರಿಯನ್ನು ತಾಯಿಯ ಮುಂದೆ ಇಟ್ಟೆವು. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಬೀದಿನಾಯಿಗಳ ಮಟ್ಟಿಗೆ ಬರೀ ಮಾತು. ಮೂಸಿ ನೋಡಿ ನೆಕ್ಕತೊಡಗಿತು. ಆದರೆ ಡ್ರಮ್ಮಿನೊಳಕ್ಕೆ ಮಾತ್ರ ಕಾಲಿಡಲಿಲ್ಲ. ಮರಿಗಳನ್ನು ಒಳಗಿಟ್ಟರೆ ಒಂದೊಂದನ್ನೇ ಕಚ್ಚಿಕೊಂಡು ಮತ್ತೆ ಮೋರಿ ಚಪ್ಪಡಿಗೆ ಸಾಗಿಸಿತು. ಯಾಕೆಂದು ಮಧ್ಯಾಹ್ನ ಡ್ರಮ್ಮಿಗೆ ತಲೆ ಹಾಕಿದಾಗ ಗೊತ್ತಾಯಿತು, ಯಾರೋ ಶುಚಿಯಾಗಲಿ ಎಂದು ಫಿನಾಯಿಲ್ ಹಾಕಿ ತೊಳೆದಿದ್ದರು. ನಾಯಿ ಮೂಗಿಗೆ ಅದು ತಡೆಯಲಾಗದ ವಾಸನೆ, ಮರಿಗಳ ಚರ್ಮಕ್ಕೆ ವಿಷ. ಸೋಪು ಹಾಕಿ ಮೂರು ಸಲ ತೊಳೆದು, ಬಿಸಿಲಿಗೆ ಬಾಯಿ ಮಾಡಿ ಒಣಗಿಸಿ, ಹೊಸ ಹುಲ್ಲು ಹಾಕಿ, ತಾಯಿ ಮೊದಲು ಮಲಗುತ್ತಿದ್ದ ಚಿಂದಿ ಗೋಣಿಯನ್ನೇ ಬಾಯಿಗೆ ಹಾಸಿದೆವು. ಆ ರಾತ್ರಿ ಹೊಸ್ತಿಲ ಹೊರಗೆ ಮಲಗಿತು. ಮರುದಿನ ಬೆಳಗ್ಗೆ ನೋಡಿದಾಗ ಹುಲ್ಲಿನ ನಡುವೆ ದುಂಡಗೆ ಒಂದು ತಗ್ಗು, ಅದರಲ್ಲಿ ನಾಲ್ಕು ಮರಿ.