ಎಷ್ಟು ಟಾರ್ಚಿದೆ ಎಣಿಸು

"ನಿನ್ನ ಹುಡುಗರ ಕೈಯಲ್ಲಿರೋದು ಬರೀ ಟಾರ್ಚು" ಅಂದ ಎದುರಾಳಿ. ವಾರ್‌ಹ್ಯಾಮರ್ 40,000 ಅನ್ನುವ, ಮೇಜಿನ ಮೇಲೆ ಪುಟ್ಟ ಗೊಂಬೆ ಸೈನ್ಯಗಳನ್ನಿಟ್ಟು ಆಡುವ ಯುದ್ಧದಾಟದಲ್ಲಿ, ಸಾಮಾನ್ಯ ಸೈನಿಕನ ಲೇಸರ್ ಬಂದೂಕಾದ ಲಾಸ್‌ಗನ್ನಿಗೆ ಆಟಗಾರರು ಇಟ್ಟಿರುವ ಅಡ್ಡಹೆಸರು ಅದು. ನನ್ನ ಗೆಳತಿ ತಲೆ ಕೂಡ ಎತ್ತಲಿಲ್ಲ. ದಾಳಗಳನ್ನು ಬೊಗಸೆಗೆ ತುಂಬಿಕೊಳ್ಳುತ್ತಾ, "ಎಷ್ಟು ಟಾರ್ಚಿದೆ ಎಣಿಸು" ಅಂದಳು.

ಈ ವಾರವೆಲ್ಲ ನನ್ನ ತಲೆಯಲ್ಲಿ ಅದೇ ಮಾತು.

ಅವಳದು ಇಂಪೀರಿಯಲ್ ಗಾರ್ಡ್ ಸೈನ್ಯ. 2014ರಲ್ಲಿ ಅದಕ್ಕೆ ಆಸ್ಟ್ರಾ ಮಿಲಿಟಾರಮ್ ಅಂತ ಹೊಸ ಹೆಸರು ಬಂತು, ಆದರೆ ಹಳಬರ ಬಾಯಲ್ಲಿ ಇವತ್ತಿಗೂ ಅದು ಗಾರ್ಡೇ. ದೈತ್ಯರು, ದೆವ್ವಗಳು, ಬಿದ್ದಲ್ಲೇ ಎದ್ದು ನಿಲ್ಲುವ ಲೋಹದ ಅಸ್ಥಿಪಂಜರಗಳು ತುಂಬಿರುವ ಆ ಲೋಕದಲ್ಲಿ ಇವರು ಸುಮ್ನೆ ಮನುಷ್ಯರು. ನಾನು ಸ್ಪೇಸ್ ಮರೀನ್ ಆಡುವವನು. ಒಬ್ಬೊಬ್ಬನೂ ವೀರನಾಗಿರುವ ಸೈನ್ಯ ಬಿಟ್ಟು ಇವರನ್ನು ಯಾಕೆ ಆರಿಸಿಕೊಳ್ಳುತ್ತಾರೆ ಅನ್ನುವ ಪ್ರಶ್ನೆ ನನಗೆ ಮೊದಲಿಂದಲೂ ಇತ್ತು.

ಅವನು ಅಂದದ್ದರಲ್ಲಿ ಸುಳ್ಳೇನಿಲ್ಲ. ಎದುರಿಗಿದ್ದದ್ದು ಅವನ ಐದು ಟರ್ಮಿನೇಟರ್‌ಗಳು, ಅಂದರೆ ದಪ್ಪ ಕವಚ ತೊಟ್ಟ ಸ್ಪೇಸ್ ಮರೀನ್‌ಗಳು. ಗಾರ್ಡ್ ಸೈನಿಕನ ಗುಂಡು ತಾಗಲು ದಾಳದಲ್ಲಿ 4 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು. ಗಾಯವಾಗಲು 5 ಅಥವಾ 6. ಆಮೇಲೂ ಕವಚ ಇದೆ, ಎದುರಾಳಿಗೆ 1 ಬಿದ್ದರೆ ಮಾತ್ರ ಗುಂಡು ಒಳಗೆ. ಅಂದರೆ ಸರಾಸರಿ 36 ಗುಂಡಿಗೆ ಒಂದು ಗಾಯ. ಒಬ್ಬ ಟರ್ಮಿನೇಟರ್ ಬೀಳಲು ಅಂಥ 3 ಗಾಯ ಬೇಕು. 108 ಗುಂಡು!

ಅವಳು ದಾಳ ಹಾಕಿದಳು. ಒಬ್ಬನೂ ಬೀಳಲಿಲ್ಲ. ಅವನು ನಕ್ಕ. ಒಳ್ಳೆ ಆಟಗಾರ ಅವನು, ಆದರೆ ಬೇರೆಯವರ ದಾಳ ನೋಡಿ ನಗುವ ಚಾಳಿ ನನಗೆ ಹಿಡಿಸುವುದಿಲ್ಲ. ಅವನ ಸರದಿಯಲ್ಲಿ ಟರ್ಮಿನೇಟರ್‌ಗಳು ನುಗ್ಗಿ ಅವಳ ಹತ್ತು ಜನರಲ್ಲಿ ಆರು ಜನರನ್ನು ಮುಗಿಸಿದವು. ಅವಳು ಸತ್ತವರನ್ನು ಒಬ್ಬೊಬ್ಬರಾಗಿ ಎತ್ತಿ ಮೇಜಿನ ಅಂಚಿಗೆ ಸಾಲಾಗಿ ನಿಲ್ಲಿಸಿದಳು. ಪ್ರತಿಯೊಬ್ಬನ ಬೂಟಿಗೂ ಒಣಗಿದ ಕೆಸರಿನ ಬಣ್ಣ ಹಚ್ಚಿದ್ದಳು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸಾಯುವ ಸೈನಿಕನ ಬೂಟಿಗೆ ಅಷ್ಟು ಶ್ರದ್ಧೆ!

ಆಬ್ಜೆಕ್ಟಿವ್ ಮೇಲೆ, ಅಂದರೆ ಹಿಡಿದುಕೊಳ್ಳಬೇಕಾದ ಜಾಗದಲ್ಲಿ, ಉಳಿದದ್ದು ನಾಲ್ಕು ಜನ. ಅರ್ಧಕ್ಕಿಂತ ಕಮ್ಮಿ ಆದರಲ್ಲ, ಧೈರ್ಯದ ಪರೀಕ್ಷೆ ಬಂತು. ಎರಡು ದಾಳ ಸೇರಿ 7 ಅಥವಾ ಅದಕ್ಕಿಂತ ಜಾಸ್ತಿ ಆಗಬೇಕು. 9 ಬಿತ್ತು. ಅವರು ಆಡುತ್ತಿದ್ದ ಹತ್ತನೇ ಆವೃತ್ತಿಯ ನಿಯಮದಲ್ಲಿ ಜಾಗ ಯಾರದ್ದು ಅಂತ ತೀರ್ಮಾನಿಸಲು ಒಬ್ಬ ಗಾರ್ಡ್ ಸೈನಿಕನಿಗೆ 2 ಅಂಕ, ಒಬ್ಬ ಟರ್ಮಿನೇಟರ್‌ಗೆ 1. ನಾಲ್ಕು ಜನಕ್ಕೆ 8, ಐದು ಟರ್ಮಿನೇಟರ್‌ಗೆ 5. ಜಾಗ ಅವಳದ್ದೇ. ಒಂದು ಗೀರು ಕೂಡ ಬೀಳದ ಐದು ಮಹಾವೀರರು ಅಲ್ಲೇ ನಿಂತಿದ್ದರು, ಆದರೂ ಜಾಗ ಅವಳದ್ದು.

ಎಷ್ಟು ಟಾರ್ಚಿದೆ ಎಣಿಸು. ಮೊದಲು ಕೇಳಿದಾಗ ಅದು ಗುಂಡಿನ ಲೆಕ್ಕ ಅಂದುಕೊಂಡೆ. ಆಮೇಲಾಮೇಲೆ ಅನ್ನಿಸಿತು, ಅವಳು ಹೇಳಿದ್ದು ನಿಂತವರ ಲೆಕ್ಕ. ನನ್ನ ಮರೀನ್ ಒಬ್ಬ ಗೆದ್ದರೆ ಅದು ಅವನ ಹುಟ್ಟುಗುಣ, ಅವನನ್ನು ತಯಾರು ಮಾಡಿರುವುದೇ ಅದಕ್ಕೆ. ಈ ನಾಲ್ವರಿಗೆ ಅಲ್ಲಿ ನಿಲ್ಲಲು ಯಾವ ಕಾರಣವೂ ಇರಲಿಲ್ಲ, ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದಾನೆ ಅನ್ನುವುದು ಬಿಟ್ಟರೆ. ಅವಳ ಸೈನಿಕರು ಕೇಡಿಯಾದವರು. ಕತೆಯಲ್ಲಿ ಆ ಗ್ರಹವೇ ಒಡೆದು ಚೂರಾಗಿದೆ. ಉಳಿದವರು ಮಾತ್ರ ಇವತ್ತಿಗೂ "ಕೇಡಿಯಾ ನಿಂತಿದೆ" ಅಂತ ಕೂಗುತ್ತಾರೆ. ಹಿಂದೆ ಅದನ್ನು ಓದಿದಾಗ ಬರೀ ಘೋಷಣೆ ಅನ್ನಿಸಿತ್ತು. ಈಗ ಹಾಗನ್ನಿಸುತ್ತಿಲ್ಲ.

ಒಂದು ವಿಷಯಕ್ಕೆ ಮಾತ್ರ ನನಗೆ ಕಸಿವಿಸಿ ಇತ್ತು. ಆ ಸಾಮ್ರಾಜ್ಯ ಕ್ರೂರ. ಹಿಂಜರಿದ ಸೈನಿಕನಿಗೆ ಅವನ ಕಡೆಯ ಕಮಿಸಾರೇ, ಅಂದರೆ ಶಿಸ್ತು ಕಾಯುವ ಅಧಿಕಾರಿಯೇ, ಗುಂಡು ಹೊಡೆಯುತ್ತಾನೆ. ಸೈನಿಕರನ್ನು ಮೆಚ್ಚಿಕೊಂಡರೆ ಅದನ್ನೂ ಒಪ್ಪಿಕೊಂಡ ಹಾಗಾಗುವುದಿಲ್ಲವಾ? ಅವಳನ್ನೇ ಕೇಳಿದೆ.

"ನನ್ನ ಸೈನ್ಯದಲ್ಲಿ ಕಮಿಸಾರ್ ಇಲ್ಲ ಕಣೋ, ನೋಡಲಿಲ್ವಾ?" ಅಂದಳು.

ಇರಲಿಲ್ಲ, ನಿಜ. ಇದ್ದದ್ದು ಒಬ್ಬ ಅಧಿಕಾರಿ. ಅವನು ಆದೇಶ ಕೊಡಬೇಕಾದರೆ ಸಾಮಾನ್ಯವಾಗಿ 6 ಇಂಚಿನೊಳಗೆ, ಅಂದರೆ ತನ್ನ ಹುಡುಗರ ಬೆನ್ನಿಗೇ ನಿಂತಿರಬೇಕು. ಅವನ ಮೈ ಕೂಡ ಅವರಷ್ಟೇ ಮೆತ್ತಗೆ. ನುಗ್ಗಿ ಬಂದ ಟರ್ಮಿನೇಟರ್‌ಗಳಿಗೆ ಮುಂದಿನ ಗುರಿ ಅವನೇ ಆಗಿದ್ದ, ಅದು ಗೊತ್ತಿದ್ದೂ ಅವಳು ಅವನನ್ನು ಹಿಂದಕ್ಕೆ ಸರಿಸಲಿಲ್ಲ.