ಮೊಟ್ಟೆಯಿಲ್ಲದ ಕೇಕು

ಬಳ್ಳಾರಿಗೂ ಮಿಷನ್‌ನವರಿಗೂ ಹಳೆಯ ನಂಟು. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲೇ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಂದವರು. ಅದೇ ಮಿಷನ್‌ನವರ ವಾರ್ಡ್ಲಾ ಶಾಲೆ 1846ರದು. ಹಾಗಾಗಿ ಕಾಲೇಜಿನಲ್ಲಿ ನಮ್ಮದೊಂದು ಕ್ರೈಸ್ತ ವಿದ್ಯಾರ್ಥಿಗಳ ಕೂಟ ಇದ್ದದ್ದು ಯಾರಿಗೂ ಹೊಸದೆನಿಸಲಿಲ್ಲ. ಆದರೂ "ಕೇಕ್ ಕೊಟ್ಟು ಮತಕ್ಕೆ ಎಳೀತಾರೆ" ಅನ್ನೋ ಮಾತು ಹಾಸ್ಟೆಲ್‌ನಲ್ಲಿ ಓಡಾಡುತ್ತಿತ್ತು.

ಕೂಟ ನಡೆಸುತ್ತಿದ್ದ ಅಣ್ಣ ಆ ಮಾತಿಗೆ ಸಿಟ್ಟಾಗುತ್ತಿರಲಿಲ್ಲ. "ಹಾಡು, ಆಟ ಅಂತ ಕರೆದು ಕೊನೆಗೆ ಸಂದೇಶ, ಅಂದ್ರೆ ಬೈಬಲ್ ಬೋಧನೆ, ಕೊಟ್ಟರೆ ಹಾಗೆ ಅನ್ನದೆ ಇನ್ನೇನಂತಾರೆ? ಸಂದೇಶ ಇದೆ ಅಂತ ಕರೆಯೋ ಚೀಟಿಯಲ್ಲೇ ಬರೀರಿ. ಬರೋರು ಬರ್ತಾರೆ." ಹಾಗೆ ಬರೆದ ವರ್ಷ ಜನ ಕಡಿಮೆ ಬಂದರು. ಬಂದವರು ಮಾತ್ರ ಕೊನೆತನಕ ಕೂತರು, ಪ್ರಶ್ನೆನೂ ಕೇಳಿದರು.

ನಿಜವಾದ ಪರೀಕ್ಷೆ ಡಿಸೆಂಬರ್‌ನಲ್ಲಿ. ನನ್ನ ರೂಮ್‌ಮೇಟ್ ಅಯ್ಯಪ್ಪ ಮಾಲೆ ಹಾಕುತ್ತಿದ್ದ. 41 ದಿನದ ವ್ರತ, ಮಂಡಲ ಪೂಜೆ ಬರೋದು ಕ್ರಿಸ್‌ಮಸ್ ಆಸುಪಾಸಿನಲ್ಲೇ. ಮಾಲೆ ಹಾಕಿದವರನ್ನು ಹೆಸರು ಹಿಡಿದು ಕರೆಯಬಾರದು, 'ಸ್ವಾಮಿ' ಅನ್ನಬೇಕು. ನಮ್ಮ ಕೂಟದಲ್ಲಿ ಇದೇ ದೊಡ್ಡ ಚರ್ಚೆ. ಒಬ್ಬ ಆಗಲ್ಲ ಅಂದ, ಇನ್ನೊಬ್ಬ ಅದರಲ್ಲೇನಿದೆ ಅಂದ. ಅಣ್ಣ ಬೈಬಲಿನಿಂದ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯ ಓದಿಸಿದರು. ವಿಗ್ರಹಕ್ಕೆ ಅರ್ಪಿಸಿದ ಊಟ ತಿನ್ನಬಹುದೋ ಬಾರದೋ ಅನ್ನೋ ವಿಚಾರ ಅದು. ಓದಿಸಿ, ತೀರ್ಪು ಹೇಳದೆ ಎದ್ದು ಹೋದರು! ನಾನು ಸ್ವಾಮಿ ಅಂತಲೇ ಕರೆದೆ. ಕರೆಯದವನನ್ನು ಯಾರೂ ಬೈಯಲಿಲ್ಲ.

ಪ್ರಸಾದದ ವಿಷಯವೂ ಹೀಗೇ. ಕೆಲವರು ತಗೊಳ್ಳುತ್ತಿರಲಿಲ್ಲ. ಕೈಯೊಡ್ಡಿ ತಗೊಂಡು ಹಿಂದೆ ಬಿಸಾಡೋದಕ್ಕಿಂತ ಎದುರಿಗೇ ಬೇಡ ಅನ್ನೋದು ಮೇಲು, ಅಲ್ವಾ? ಕನಕದುರ್ಗಮ್ಮನ ಗುಡಿಗೆ ಹೋಗಿ ಬಂದಾಗೆಲ್ಲ ಸ್ವಾಮಿ ನಮ್ಮವರಿಗೆ ಬೇರೆಯಾಗಿ ಮಿರ್ಚಿ ತಂದು, "ತಿನ್ರಪ್ಪ, ಇದು ಗುಡಿದಲ್ಲ, ಅಂಗಡಿದು" ಅನ್ನುತ್ತಿದ್ದ. ಅವನಿಗಾಗಿ ನಾವು ಮೊಟ್ಟೆಯಿಲ್ಲದ ಕೇಕು ಹೇಳಿಸುತ್ತಿದ್ದೆವು. ರುಚಿ ಅಷ್ಟಕ್ಕಷ್ಟೇ.

ಅವನಿಗೆ ಜ್ವರ ಬಂದಾಗ "ಪ್ರಾರ್ಥನೆ ಮಾಡಲಾ?" ಅಂತ ಕೇಳಿದೆ. "ಮಾಡು, ಮನಸಲ್ಲಿ ಮಾಡು. ಜೋರಾಗಿ ಬೇಡ, ತಲೆ ನೋಯ್ತಿದೆ" ಅಂದ. ಹಾಗೇ ಮಾಡಿದೆ. ರಜೆಯಲ್ಲಿ ಸಿರುಗುಪ್ಪ ಹತ್ತಿರದ ಅವರ ಹಳ್ಳಿಗೆ ಹೋದಾಗ ಅವರಮ್ಮ ಮೊದಲು ಕೇಳಿದ್ದೇ, "ನಿಮ್ಮಲ್ಲಿ ಊಟಕ್ಕೆ ಮುಂಚೆ ಏನೋ ಹೇಳ್ತೀರಂತಲ್ಲ, ಹೇಳ್ಕೋಪ್ಪ, ಆಮೇಲೆ ಬಡಿಸ್ತೀನಿ."

ಈಗಲೂ ಕೂಟದ ಚೀಟಿಯಲ್ಲಿ 'ಸಂದೇಶ ಇರುತ್ತದೆ' ಅಂತ ಮೊದಲೇ ಬರೆಯುತ್ತಾರೋ ಇಲ್ಲವೋ, ಈಗಿನವರು ಹೇಳಬೇಕು.